ಮರದ ಹಡಗಿಗೆ ಮಳೆಯೇ ಶತ್ರು

ಮರದ ಹಡಗನ್ನು ಕೊಳೆಸುವುದು ಕಡಲ ನೀರು ಎಂದು ನಾವೆಲ್ಲ ಸುಲಭವಾಗಿ ನಂಬಿಬಿಡುತ್ತೇವೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ‘ವಿಕ್ಟರಿ’ಯ ಕಥೆ ಬೇರೆಯೇ ಇದೆ. 1765ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನನ್ನು ಹೊತ್ತಿದ್ದ ಈ ಯುದ್ಧನೌಕೆ 1922ರಿಂದ ನೀರಿಲ್ಲದ ಡಾಕ್‌ನಲ್ಲಿ ನಿಂತಿದೆ. ಕಡಲು ಬಿಟ್ಟು ಶತಮಾನ ಕಳೆದರೂ ಅದರ ಒಡಲು ಕೊಳೆಯುವುದು ನಿಲ್ಲಲಿಲ್ಲ. 2022ರಲ್ಲಿ ಆರಂಭವಾದ ದುರಸ್ತಿಗೆ ಹತ್ತು ವರ್ಷ ಬೇಕೆಂದು ಅಂದಾಜು ಮಾಡಲಾಗಿದೆ.

ಮರ ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದು ಕಷ್ಟ. ಸದಾ ಮುಳುಗಿರುವ ಹಲಗೆಯಲ್ಲಿ ಅದಕ್ಕೆ ಆಮ್ಲಜನಕ ಸಾಲದು, ಉಪ್ಪೂ ಹಿತವಲ್ಲ. ಅಲ್ಲಿ ಮರ ಕೊರೆಯುವುದು ಕಪ್ಪೆಚಿಪ್ಪಿನ ಬಂಧುವಾದ ಹಡಗುಹುಳು. ಮೇಲಟ್ಟದ ಸಂದಿನಿಂದ ಇಳಿದ ಮಳೆನೀರಿನಲ್ಲಿ ಉಪ್ಪಿಲ್ಲ. ಅದು ಗಾಳಿಯಾಡದ ಮೂಲೆಗಳಲ್ಲಿ, ತೊಲೆಗಳ ತುದಿಗಳಲ್ಲಿ ಇಂಗಿ ನಿಲ್ಲುತ್ತದೆ. ಕಂದು ಕೊಳೆತದ ಶಿಲೀಂಧ್ರ ಮರಕ್ಕೆ ಬಲ ಕೊಡುವ ನಾರಾದ ಸೆಲ್ಯುಲೋಸನ್ನು ತಿಂದು, ನಾರುಗಳನ್ನು ಬೆಸೆಯುವ ಲಿಗ್ನಿನನ್ನು ಬಹುಪಾಲು ಉಳಿಸುತ್ತದೆ. ಹಾಗಾದ ತೊಲೆ ಚೌಕ ಚೌಕವಾಗಿ ಬಿರಿದು ಬೆರಳಲ್ಲೇ ಪುಡಿಯಾಗುತ್ತದೆ. ಶಿಲೀಂಧ್ರ ಮೆದುವಾಗಿಸಿದ ಓಕ್ ಮರವೆಂದರೆ ಡೆತ್‌ವಾಚ್ ಎಂಬ ಜೀರುಂಡೆಯ ಮರಿಗಳಿಗೆ ಪ್ರಿಯ. ಅವು ವರ್ಷಗಟ್ಟಲೆ ಒಳಗೇ ಕೊರೆಯುತ್ತ ಬದುಕುತ್ತವೆ, ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ.

ಆದ್ದರಿಂದ ದುರಸ್ತಿಯ ಮೊದಲ ಕೆಲಸ ಗರಗಸದ್ದಲ್ಲ, ಚಾವಣಿಯದು. ವಿಕ್ಟರಿಯ ಸುತ್ತ ಸಾರುವೆ ಕಟ್ಟಿ, ಮಳೆ ಬೀಳದಂತೆ ಹೊದಿಸಿದ್ದಾರೆ. ಆಮೇಲೆ ಹುಡುಕಾಟ: ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಮರ ಟಣಗುಟ್ಟುತ್ತದೆ, ಕೊಳೆತದ್ದು ಬೊಳ್ಳೆನ್ನುತ್ತದೆ. ಅನುಮಾನವಿದ್ದಲ್ಲಿ ದಬ್ಬಳ ಚುಚ್ಚಿ ನೋಡುತ್ತಾರೆ. ಹಲಗೆಗಳನ್ನೆಲ್ಲ ಒಮ್ಮೆಲೇ ಕೀಳುವಂತಿಲ್ಲ, ಕಿತ್ತರೆ ಹಡಗಿನ ಆಕಾರವೇ ಜೋತುಬೀಳುತ್ತದೆ. ಕೊಳೆತ ಭಾಗವನ್ನು ಗಟ್ಟಿಮರ ಸಿಗುವವರೆಗೆ ಕೊಯ್ದು, ಹೊಸ ತುಂಡನ್ನು ಓರೆಯಾಗಿ ಕೂಡಿಸಬೇಕು. ದೋಣಿ ಕಟ್ಟುವವರ ರೂಢಿಯಂತೆ ಹಲಗೆಯ ದಪ್ಪಕ್ಕಿಂತ ಆ ಓರೆ ಎಂಟು ಪಟ್ಟು ಉದ್ದ. ಎಳೆಗಳ ಅಡ್ಡತುದಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಓರೆ ಉದ್ದವಾದಷ್ಟೂ ಎಳೆಗಳ ಪಕ್ಕಗಳು ಒಂದಕ್ಕೊಂದು ತಾಗಿ ಬಲ ಬರುತ್ತದೆ. ಕೊಳೆತದ ಮೇಲೆಯೇ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಸುರಿದು ಮುಚ್ಚುವುದು ಅಗ್ಗದ ದಾರಿ, ಆದರೆ ಅದನ್ನು ನಾನು ಒಪ್ಪಲಾರೆ. ತೇವ ಒಳಗೇ ಸೆರೆಯಾಗಿ, ಕೊಳೆತವು ಪಕ್ಕದ ಗಟ್ಟಿಮರಕ್ಕೂ ಹಬ್ಬುತ್ತದೆ.

ಮರದ ಜಾತಿಯೂ ದೊಡ್ಡ ಮಾತು. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತುಕ್ಕು ತಿರುಗಿ ಮರವನ್ನು ಹಾಳುಗೆಡಹುತ್ತದೆ. ತೇಗದ ಎಣ್ಣೆಯಂಶ ಕಬ್ಬಿಣವನ್ನು ಕಾಯುತ್ತದೆ, ಅದರಲ್ಲಿರುವ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕ ಗೆದ್ದಲನ್ನು ದೂರವಿಡುತ್ತದೆ. ನೆಪೋಲಿಯನ್ ಯುದ್ಧಗಳಲ್ಲಿ ಓಕ್‌ನ ಕೊರತೆ ಬಿದ್ದಾಗ ಬ್ರಿಟಿಷರು ಮಲಬಾರಿನ ತೇಗಕ್ಕೆ ಕೈಚಾಚಿದರು. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಆ ಮರದಿಂದ ಕಟ್ಟಿದ ಯುದ್ಧನೌಕೆ ‘ಟ್ರಿಂಕೋಮಲಿ’ 1817ರಲ್ಲಿ ನೀರಿಗಿಳಿಯಿತು. 1987ರಲ್ಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ಗೆ ಬಂದು, ವರ್ಷಗಳ ದುರಸ್ತಿಯ ನಂತರ ಇಂದಿಗೂ ಅಲ್ಲಿ ತೇಲುತ್ತಿದೆ. ಅದರ ಒಡಲಿನ ಅರ್ಧಕ್ಕಿಂತ ಹೆಚ್ಚು ಮರ ಆಗ ಮುಂಬಯಿಯಲ್ಲಿ ಜೋಡಿಸಿದ್ದೇ.