ನಾಲ್ಕೂವರೆಯಿಂದ ಆರರವರೆಗೆ

ಜೂನ್ ಬಂತೆಂದರೆ ನಮ್ಮ ಹಾಸ್ಟೆಲಿನ ಅಂಗಳದಲ್ಲಿ ಟ್ರಂಕು, ಬಕೆಟ್ಟು, ಸುತ್ತಿದ ಹಾಸಿಗೆಗಳ ನಡುವೆ ಅಪ್ಪ ಅಮ್ಮಂದಿರು ನಿಂತಿರುತ್ತಾರೆ. ಕೊಪ್ಪಳ, ರಾಯಚೂರು, ವಿಜಯಪುರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಉಡುಪಿಗೆ ಬಂದವರು. ಇಷ್ಟು ದೂರ ಯಾಕೆ ಎಂದು ನಾನು ಕೇಳುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94 ಪಡೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಶೇ. 92.12 ಪಡೆದು ಎರಡನೆಯದು. ಆ ಪಟ್ಟಿ ನೋಡಿಯೇ ಮಗಳನ್ನು ಕರೆತಂದಿರುತ್ತಾರೆ. ಕೇಳುವ ಪ್ರಶ್ನೆಗಳೂ ಅದಕ್ಕೆ ತಕ್ಕಂತೆ: ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸುತ್ತೀರಿ? ಸ್ಟಡಿ ಎಷ್ಟು ಗಂಟೆ? ಶನಿವಾರ ಟೆಸ್ಟ್ ಉಂಟಾ? ಸಂಜೆ ನಾಲ್ಕೂವರೆಗೆ ಚಹಾ ಕುಡಿದ ಮೇಲೆ ಆರು ಗಂಟೆಯ ಸ್ಟಡಿ ಬೆಲ್ಲಿನವರೆಗೆ ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಿದವರನ್ನು, ವಾರ್ಡನ್ ಆಗಿ ಹತ್ತೊಂಬತ್ತು ವರ್ಷಗಳಲ್ಲಿ, ಬೆರಳಲ್ಲಿ ಎಣಿಸಬಹುದು.

ಹುಡುಗಿ ಹಾಸ್ಟೆಲಿನಲ್ಲಿ ನಿಲ್ಲುತ್ತಾಳೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಒಂದೂವರೆ ಗಂಟೆಯಲ್ಲಿ.

ಮೊದಲ ಎರಡು ವಾರ ಬಹಳ ಕಷ್ಟ. ಜೋಳದ ರೊಟ್ಟಿ ತಿಂದು ಬೆಳೆದ ಮಗುವಿಗೆ ತಟ್ಟೆಯಲ್ಲಿ ದಪ್ಪ ಕುಚ್ಚಲಕ್ಕಿ ಅನ್ನ ಕಂಡಾಗಲೇ ಕಣ್ಣು ತುಂಬುತ್ತದೆ. ಸುತ್ತಲಿನವರು ತುಳುವಿನಲ್ಲಿ ನಗುತ್ತಿದ್ದರೆ ತನ್ನನ್ನೇ ನೋಡಿ ನಗುತ್ತಿದ್ದಾರೆ ಅನಿಸುತ್ತದೆ. ಮೇಲಿಂದ ನಮ್ಮ ಮಳೆ. ಕುಷ್ಟಗಿ ಕಡೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒದ್ದೆ ಬೆಡ್‌ಶೀಟ್ ಎದೆಗವಚಿಕೊಂಡು ನನ್ನ ಬಾಗಿಲಿಗೆ ಬಂದು ಕೇಳಿದ್ದಳು: "ಮೇಡಂ, ಇಲ್ಲಿ ಬಿಸಲು ಯಾವಾಗ ಬೀಳತದ್ರೀ?" ಜೂನ್ ಕೊನೆಯ ವಾರ ಅದು. ಸೆಪ್ಟೆಂಬರ್ ಎಂದು ಹೇಳಲು ಬಾಯಿ ಬರಲಿಲ್ಲ.

ಅವಳ ಕಷ್ಟ ಬಗೆಹರಿದದ್ದು ಆ ಬೆಡ್‌ಶೀಟಿನಿಂದಲೇ. ಒಬ್ಬಳೇ ಹಿಂಡಿದರೆ ಅದು ಮೂರು ದಿನಕ್ಕೂ ಒಣಗುವುದಿಲ್ಲ. ಕಾರ್ಕಳದ ಹುಡುಗಿಯೊಬ್ಬಳು ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಒಬ್ಬರಿಗೊಬ್ಬರು ವಿರುದ್ಧ ದಿಕ್ಕಿಗೆ ತಿರುಚಬೇಕು. ಮೊದಲ ಸಲ ಇಬ್ಬರೂ ಒಂದೇ ಕಡೆಗೆ ತಿರುಗಿಸಿ, ಹಗ್ಗದಂತೆ ಬಿಗಿಯಾಗಬೇಕಾದದ್ದು ಸಡಿಲಾಗಿ ಜೋತುಬಿತ್ತು. ಇಬ್ಬರಿಗೂ ನಗು. ಕಾರಿಡಾರಿನ ಹಗ್ಗದಲ್ಲಿ ಜಾಗ ಹಿಡಿಯುವುದು, ಚಿಮಟ ಎರವಲು ಕೊಡುವುದು, ಸಮವಸ್ತ್ರದ ಕಾಲರಿಗೆ ಇಸ್ತ್ರಿಯ ಬಿಸಿ ತಾಗಿಸಿ ತೇವ ತೆಗೆಯುವುದು, ಎಲ್ಲಕ್ಕೂ ಇನ್ನೊಬ್ಬಳು ಬೇಕು. ನವೆಂಬರ್ ಹೊತ್ತಿಗೆ ಆ ಕುಷ್ಟಗಿಯ ಹುಡುಗಿ "ಬಲ ಮಾರಾಯ್ತಿ" ಎಂದು ತುಳುವಿನಲ್ಲೇ ಗೆಳತಿಯನ್ನು ಊಟಕ್ಕೆ ಕರೆಯುತ್ತಿದ್ದಳು. ನಾವು ನಡೆಸಿದ ಸ್ವಾಗತ ಸಮಾರಂಭ, ಪರಿಚಯದ ಆಟಗಳು ಮಾಡದ ಕೆಲಸವನ್ನು ಒಂದು ಒದ್ದೆ ಬಟ್ಟೆ ಮಾಡಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹಿಂದೆ ನಾನಿದ್ದ ಒಂದು ವಸತಿ ಶಾಲೆಯಲ್ಲಿ ಫಲಿತಾಂಶ ಸ್ವಲ್ಪ ಇಳಿಯಿತೆಂದು ಆ ಒಂದೂವರೆ ಗಂಟೆಯನ್ನು ಸ್ಪೆಷಲ್ ಕ್ಲಾಸಿಗೆ ಕೊಟ್ಟರು. ಒಂದು ತಿಂಗಳಾಗುವಷ್ಟರಲ್ಲಿ ಸಿಕ್ ರೂಮಿನ ಮುಂದೆ ಸಾಲು. ಹೊಟ್ಟೆನೋವು, ತಲೆನೋವು, ರಾತ್ರಿ ನಿದ್ದೆ ಇಲ್ಲ. ಡಾಕ್ಟರು ನೋಡಿದರೆ ಏನೂ ಸಿಗುತ್ತಿರಲಿಲ್ಲ. ಮಕ್ಕಳು ಸುಳ್ಳು ಹೇಳುತ್ತಿದ್ದಾರೆ ಎಂದು ಆಡಳಿತದವರು ನಂಬಿದರು. ನೋವು ಸುಳ್ಳಲ್ಲ. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ಜನವೂ ಹೊತ್ತೂ ಸಿಗದಿದ್ದಾಗ ಈ ವಯಸ್ಸಿನ ಮಕ್ಕಳಿಗೆ ಅದು ಹೊಟ್ಟೆಯಲ್ಲೋ ತಲೆಯಲ್ಲೋ ಬಂದು ಕೂರುತ್ತದೆ. ಸಿಕ್ ರೂಮಿನಲ್ಲಾದರೂ ಪಕ್ಕದಲ್ಲಿ ಮಲಗಿದವಳ ಜೊತೆ ಮಾತಾಡಬಹುದಲ್ಲ! ಜಗಳವಾಡಿ, ಬೇಡಿ, ಕೊನೆಗೆ ವಾರದಲ್ಲಿ ನಾಲ್ಕು ಸಂಜೆ ವಾಪಸ್ ಪಡೆದೆ. ಸಾಲು ಕರಗಿತು.

ಆಟಿ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮೈದಾನವಂತೂ ಕೆಸರುಗದ್ದೆ. ತ್ರೋಬಾಲ್ ಇಲ್ಲ, ಕೊಕ್ಕೊ ಇಲ್ಲ. ಆಗ ಚೆನ್ನೆಮಣೆ ಹೊರಗೆ ಬರುತ್ತದೆ. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಬೀಜ. ಮಾತು ಬಾರದಿದ್ದರೂ ಆಡಬಹುದಾದ ಆಟ, ಹೊಸಬರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬೀಜ ಕದ್ದರೆಂದು ಜಗಳವೂ ಆಗುತ್ತದೆ. ತುಳುವಿನ ಹಾಡುಗತೆಯಾದ ಸಿರಿ ಪಾಡ್ದನದ ಅಬ್ಬಗ ದಾರಗ ಎಂಬ ಅವಳಿಗಳು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆದು ಕೊಂದ ಕಥೆ ತುಳುನಾಡಿನ ಮಕ್ಕಳಿಗೆ ಗೊತ್ತು. ಅದನ್ನು ಹೇಳಿ ಹೊಸಬರನ್ನು ಹೆದರಿಸುತ್ತಾರೆ.

ಜಗಳಕ್ಕೆ ನಾನು ಹೆದರುವುದಿಲ್ಲ. ಜಗಳದಲ್ಲಿ ಇಬ್ಬರೂ ಕೂಗುತ್ತಾರೆ, ಇಬ್ಬರೂ ಅಳುತ್ತಾರೆ, ಎರಡು ದಿನದಲ್ಲಿ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಕೋಣೆ ಬದಲಿಸಿ ಎಂದು ಅಮ್ಮಂದಿರು ಆವತ್ತೇ ಫೋನ್ ಮಾಡುತ್ತಾರೆ. ನಾನು ಒಂದು ವಾರ ಕಾಯಲು ಹೇಳುತ್ತೇನೆ. ನನಗೆ ಹೆದರಿಕೆ ಸದ್ದಿಲ್ಲದೆ ನಡೆಯುವುದರದ್ದು. ಒಬ್ಬಳು ಮಾತ್ರ ಅಳುತ್ತಾಳೆ, ಉಳಿದವರೆಲ್ಲ ಸುಮ್ಮನಿರುತ್ತಾರೆ. ಇದು ಮೊದಲು ಗೊತ್ತಾಗುವುದು ಮೆಸ್ಸಿನಲ್ಲಿ. ಮುಂಚೆ ಬೆಲ್ಲಿಗೆ ಮೊದಲೇ ಓಡುತ್ತಿದ್ದವಳು ಈಗ ಬಡಿಸಿ ಮುಗಿಯುವ ಹೊತ್ತಿಗೆ ಬರುತ್ತಾಳೆ, ತಟ್ಟೆ ಹಿಡಿದು ಯಾವ ಬೆಂಚು ಎಂದು ಒಂದು ಕ್ಷಣ ನಿಲ್ಲುತ್ತಾಳೆ. ಅದಕ್ಕೇ ನಾನು ರಾತ್ರಿಯೂಟ ಮಕ್ಕಳ ಜೊತೆಗೇ ಮಾಡುತ್ತೇನೆ. ಅಂಥವಳಿಗೆ ಒಂದು ವಾರ ಕಾಯುವಂತಿಲ್ಲ, ಅದೇ ರಾತ್ರಿ ಕರೆದು ಕೂರಿಸಿಕೊಳ್ಳಬೇಕು. ಫೋನಿನ ಪಕ್ಕದ ಗೋಡೆಯಲ್ಲಿ ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆಸಿದ್ದೇನೆ. ದೂರು ನನ್ನ ಮೇಲೆಯೇ ಇದ್ದರೂ ಹೇಳಿಕೊಳ್ಳಲು ಅವರಿಗೆ ದಾರಿ ಇರಬೇಕು.

ಶಾಲೆಯ ಚಟುವಟಿಕೆಗಳ ಬಗ್ಗೆ ಒಂದು ಮಾತು. ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಅದೇ ಹತ್ತು ಹದಿನೈದು ಹುಡುಗಿಯರು ಕುಣಿಯುತ್ತಾರೆ, ಉಳಿದವರು ಕುರ್ಚಿ ತುಂಬುತ್ತಾರೆ. ನಮ್ಮಲ್ಲಿ ಇದನ್ನು ಮುರಿದದ್ದು ಯಕ್ಷಗಾನ. ಉಡುಪಿ ಭಾಗದ ಶಾಲೆಗಳಲ್ಲಿ ಈಗ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗೆಜ್ಜೆ ಕಟ್ಟುತ್ತಿದ್ದಾರೆ. ಯಕ್ಷಗಾನದ ವೇಷವನ್ನು ಒಬ್ಬರೇ ಕಟ್ಟಿಕೊಳ್ಳಲು ಆಗುವುದಿಲ್ಲ. ಒಬ್ಬಳು ನಿಂತಿರಬೇಕು, ಇನ್ನೊಬ್ಬಳು ಹಿಂದಿನಿಂದ ಹಗ್ಗ ಎಳೆಯಬೇಕು, "ಬಿಗಿ ಸಾಕಾ, ಉಸಿರು ಬರ್ತದಾ?" ಎಂದು ಕೇಳಬೇಕು. ಸಡಿಲಾದರೆ ಕುಣಿಯುವಾಗ ಜಾರುತ್ತದೆ, ಬಿಗಿಯಾದರೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ಉಸಿರು ಸಾಲದು. ರಂಗಸ್ಥಳಕ್ಕೆ ಬರಲು ನಾಚುವ ಹುಡುಗಿಯರು ವೇಷ ಕಟ್ಟುವ ಚೌಕಿಯಲ್ಲಿ ಈ ಕೆಲಸಕ್ಕೆ ಕೈಹಾಕಿ ತಂಡಕ್ಕೆ ಬೇಕೇ ಬೇಕಾದವರಾಗಿ ಬಿಡುತ್ತಾರೆ. ಯಾವ ಕಾರ್ಯಕ್ರಮ ಮಾಡುವಾಗಲೂ ನಾನು ಮೊದಲು ಲೆಕ್ಕ ಹಾಕುವುದು ತೆರೆಯ ಹಿಂದೆ ಎಷ್ಟು ಜನಕ್ಕೆ ಕೆಲಸ ಉಂಟು ಎಂದು.

ಆಟಿಯ ಪತ್ರೊಡೆ, ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಫೆಸ್ತ್, ಅಷ್ಟಮಿಯ ಉಂಡೆ ಚಕ್ಕುಲಿ, ರಂಜಾನಿನಲ್ಲಿ ಉಪವಾಸವಿದ್ದವರಿಗೆ ನಸುಕಿನ ಊಟ ಎಲ್ಲವೂ ನಮ್ಮಲ್ಲಿ ಉಂಟು. ಅಡುಗೆಮನೆಯಲ್ಲಿ ಮಕ್ಕಳ ಕೈಯೂ ಸೇರಿದಾಗಲೇ ಇವು ಹಬ್ಬ ಅನಿಸುವುದು.

ಅತ್ಯಂತ ಭಾರದ ಹೊತ್ತು ವಿಸಿಟಿಂಗ್ ಭಾನುವಾರದ ಸಂಜೆ. ಬಂದವರು ಹೊರಟಿರುತ್ತಾರೆ, ದೂರದ ಊರಿನ ಮಕ್ಕಳಿಗೆ ಬರುವವರೇ ಇರುವುದಿಲ್ಲ. ಯಾರೂ ಬಾರದ ಮಕ್ಕಳನ್ನು ಆ ಸಂಜೆ ಮಲ್ಪೆಯ ಕಡಲತೀರಕ್ಕೆ ಕರೆದೊಯ್ಯುತ್ತೇನೆ, ಮಳೆಗಾಲವಾದರೆ ನನ್ನ ಕೋಣೆಯಲ್ಲಿ ಗೋಳಿಬಜೆ. ದಸರಾ ರಜೆ ಮುಗಿಸಿ ಬಂದ ವಾರವೂ ಹೀಗೆಯೇ. ಜೂನಿನಲ್ಲಿ ಅತ್ತು ಸುಧಾರಿಸಿಕೊಂಡವರೂ ಮತ್ತೆ ಅಳುತ್ತಾರೆ. ಆಗ "ಒಂದು ತಿಂಗಳು ನೋಡು, ಸರಿಹೋಗದಿದ್ದರೆ ಕರ್ಕೊಂಡು ಹೋಗ್ತೀವಿ" ಎಂದು ಅಮ್ಮಂದಿರು ಮಾತು ಕೊಡಬೇಡಿ. ಮಗು ಆ ತಿಂಗಳಿಡೀ ದಿನ ಎಣಿಸುತ್ತದೆ, ಯಾರ ಜೊತೆಯೂ ಸೇರುವುದಿಲ್ಲ. ಮಲಗುವ ಮುಂಚೆ ಫೋನ್ ಮಾಡಬೇಡಿ. ಮಾಡಿದಾಗ ಊಟವಾಯಿತಾ ಎಂದು ಕೇಳಿ, ಪಕ್ಕದ ಮಂಚದ ಹುಡುಗಿಯ ಹೆಸರನ್ನೂ ಕೇಳಿ, ಮುಂದಿನ ವಾರ ಆ ಹೆಸರನ್ನು ನೆನಪಿಟ್ಟು ವಿಚಾರಿಸಿ.

ಕುಷ್ಟಗಿಯ ಹುಡುಗಿಯ ಅಪ್ಪ ಡಿಸೆಂಬರಿನಲ್ಲಿ ಒಮ್ಮೆ ನನಗೆ ಫೋನ್ ಮಾಡಿದರು, ದನಿಯಲ್ಲಿ ಗಾಬರಿ. ಐದೂಕಾಲಿಗೆ ಹಾಸ್ಟೆಲ್ ಫೋನಿಗೆ ಕರೆ ಮಾಡಿದ್ದರಂತೆ. ಮಗಳು ಬಂದು, "ಅಪ್ಪಾ, ಆಮ್ಯಾಲೆ ಮಾತಾಡ್ತೀನಿ, ಕೊಕ್ಕೊ ನಡದದ" ಎಂದು ಅರ್ಧ ನಿಮಿಷಕ್ಕೆ ಇಟ್ಟಳಂತೆ. "ಹಿಂಗ್ಯಾಕ ಮಾಡ್ತಾಳ್ರೀ ಮೇಡಂ, ನಮ್ಮ ಮ್ಯಾಲೆ ಸಿಟ್ಟೇನ್ರೀ?" ನಾನು ಫೋನನ್ನು ಕಿಟಕಿಯ ಹೊರಗೆ ಹಿಡಿದೆ. ಮೈದಾನದ ಗಲಾಟೆಯಲ್ಲಿ ಅವಳ ದನಿಯನ್ನು ಅವರು ಗುರುತು ಹಿಡಿದರು.