ತಂತಿ ಹುಡುಕಬೇಡ, ಕಂಬ ನೋಡು

ಹೊರಗೆ ಹೋಗಿ ಕರೆಂಟ್ ತಂತಿಯೊಂದನ್ನು ನೋಡಿ. ಹಿಂದೆ ಆಕಾಶ ಇರುವಷ್ಟು ದೂರ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಅದೇ ತಂತಿ ಮರಗಳ ಮುಂದೆ ಹಾಯುವ ಕಡೆಗೆ ಕಣ್ಣು ಸರಿಸಿ. ಮಾಯ! ತಂತಿ ಅಲ್ಲೇ ಇದೆ, ಹಿನ್ನೆಲೆ ಮಾತ್ರ ಬದಲಾಯಿತು. ತಗ್ಗಿನಲ್ಲಿ ಹಾರುವ ಹೆಲಿಕಾಪ್ಟರ್ ಪೈಲಟ್‌ಗೆ ತಂತಿಯ ಹಿಂದೆ ಕಾಣುವುದು ಬಹುಪಾಲು ಕಾಡು, ಬೆಟ್ಟ, ಹೊಲ.

ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ವಿವರ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು. 1 ಸೆಂ.ಮೀ. ದಪ್ಪದ ತಂತಿ ಸುಮಾರು 34 ಮೀಟರ್ ಆಚೆಗೇ ಅಷ್ಟು ಸಣ್ಣದಾಗಿಬಿಡುತ್ತದೆ. ಬೆಳ್ಳಗಿನ ಆಕಾಶದೆದುರು ಉದ್ದನೆಯ ಕಪ್ಪು ಗೆರೆಯಾದರೆ ಇನ್ನೂ ಎಷ್ಟೋ ದೂರದಿಂದ ಕಂಡೀತು. ಬೂದುಬಣ್ಣಕ್ಕೆ ತಿರುಗಿದ ಹಳೇ ಅಲ್ಯೂಮಿನಿಯಂ ತಂತಿ ಬೆಟ್ಟದ ಮುಂದಿದ್ದರೆ ಆ ಅನುಕೂಲವೂ ಇಲ್ಲ. ಹೆಲಿಕಾಪ್ಟರಿನ ವೇಗ ಗಂಟೆಗೆ 200 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 56 ಮೀಟರ್. 100 ಮೀಟರ್ ದೂರದಲ್ಲಿ ಕಂಡರೂ ಕೈಯಲ್ಲಿ ಎರಡು ಸೆಕೆಂಡೂ ಇರುವುದಿಲ್ಲ.

ಕಂಡರೂ ಎಷ್ಟು ದೂರ ಇದೆ ಅನ್ನುವುದು ತಿಳಿಯುವುದು ಕಷ್ಟ. ನಮ್ಮ ಎರಡು ಕಣ್ಣುಗಳು ಅಕ್ಕಪಕ್ಕದಲ್ಲಿವೆ. ಎರಡಕ್ಕೂ ಕಾಣುವ ಚಿತ್ರದಲ್ಲಿ ಇರುವ ಎಡ-ಬಲದ ಚೂರು ವ್ಯತ್ಯಾಸದಿಂದ ಮಿದುಳು ದೂರ ಲೆಕ್ಕ ಹಾಕುತ್ತದೆ. ಅಡ್ಡಕ್ಕೆ ಎಳೆದ ತಂತಿ ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಒಂದೇ ಥರ ಕಾಣುತ್ತದೆ. ಲೆಕ್ಕಕ್ಕೆ ಹಿಡಿಯಲು ಗುರುತೇ ಇಲ್ಲ!

ಇನ್ನೊಂದು ಮೋಸ ಹೈ ಟೆನ್ಶನ್ ಗೋಪುರಗಳಲ್ಲಿದೆ. ವಿದ್ಯುತ್ ಸಾಗಿಸುವ ದಪ್ಪ ತಂತಿಗಳ ಮೇಲೆ, ಗೋಪುರದ ನೆತ್ತಿಯಲ್ಲಿ, ಸಿಡಿಲು ತಡೆಯಲು ಒಂದೆರಡು ಸಪೂರ ತಂತಿ ಇರುತ್ತವೆ. ಪೈಲಟ್‌ಗೆ ದಪ್ಪದ್ದು ಕಾಣುತ್ತದೆ. ತಪ್ಪಿಸಿಕೊಳ್ಳಲು ಮೇಲಕ್ಕೆ ಎತ್ತುತ್ತಾರೆ. ನೇರ ಸಪೂರದ್ದಕ್ಕೆ ಹೋಗಿ ಬಡಿಯುತ್ತಾರೆ. ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ಇದೇ, ಎಚ್ಚರ ತಪ್ಪಿದ್ದಕ್ಕಲ್ಲ, ಎಚ್ಚರ ವಹಿಸಿದ್ದಕ್ಕೆ ಸಿಕ್ಕ ಶಿಕ್ಷೆ. ತಂತಿ ಇದೆ ಅಂತ ಮೊದಲೇ ಗೊತ್ತಿದ್ದೂ, ಕೆಲಸದ ಗಡಿಬಿಡಿಯಲ್ಲಿ ಮರೆತು ಡಿಕ್ಕಿ ಹೊಡೆದವರೂ ಕಡಿಮೆಯೇನಲ್ಲ.

ಬಡಿದ ಮೇಲೆ? ತಂತಿ ಮುಂದಿನ ಗಾಜಿನ ಮೇಲೆ ಜಾರುತ್ತಾ ರೆಕ್ಕೆಯ ಬುಡಕ್ಕೆ ಬರುತ್ತದೆ. ಅಲ್ಲಿ ರೆಕ್ಕೆಗಳ ಓರೆಯನ್ನು ಬದಲಿಸುವ ಸಣ್ಣ ಸರಳುಗಳಿವೆ. ಅವು ಮುರಿದರೆ ಪೈಲಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೆಳಗಿನ ಕಾಲಿಗೆ ಸಿಕ್ಕಿಕೊಂಡರೆ ಹೆಲಿಕಾಪ್ಟರ್ ಮುಗ್ಗರಿಸಿ ಮಗುಚಬಹುದು.

ಇದಕ್ಕೆ 1970ರ ದಶಕದಲ್ಲಿ ಕೆನಡಾದಲ್ಲಿ ಹೊಳೆದ ಉಪಾಯ ಮಜವಾಗಿದೆ. ಹೆಲಿಕಾಪ್ಟರಿನ ಹಣೆಯ ಮೇಲೊಂದು, ಗಲ್ಲದ ಕೆಳಗೊಂದು ಕೊಕ್ಕೆಯಂಥ ಕತ್ತರಿ. ಮೋಟಾರಿಲ್ಲ, ಬಟನ್ನಿಲ್ಲ. ಹಾರಾಟದ ವೇಗವೇ ತಂತಿಯನ್ನು ಕೊಕ್ಕೆಯ ಸಂದಿಗೆ ತಳ್ಳುತ್ತದೆ, ಅಲ್ಲಿನ ಅಲಗು ಕತ್ತರಿಸುತ್ತದೆ. 1979ರಲ್ಲಿ ಅಮೆರಿಕದ ಸೇನೆ ಹೆಲಿಕಾಪ್ಟರನ್ನು ತೂಗುಹಾಕಿ ಉಕ್ಕಿನ ಹಗ್ಗಕ್ಕೆ ಬೀಸಿ ಪರೀಕ್ಷಿಸಿತು. ಕತ್ತರಿಸಿತು. ಆದರೆ ನಿಧಾನವಾಗಿ ಹೋಗುತ್ತಿದ್ದರೆ, ಅಥವಾ ತಂತಿ ತೀರಾ ಓರೆಯಾಗಿ ತಗುಲಿದರೆ ಇದರ ಭರವಸೆ ಇಲ್ಲ.

ಲೇಸರ್ ಬೀಸಿ ತಂತಿ ಪತ್ತೆಹಚ್ಚುವ ಉಪಕರಣಗಳಿವೆ. ತಂತಿಯ ವಿದ್ಯುತ್ ಕ್ಷೇತ್ರವನ್ನು ಗ್ರಹಿಸುವವೂ ಇವೆ, ಕರೆಂಟ್ ಹೋಗಿದ್ದರೆ ಅವು ಸುಮ್ನೆ ಕೂರುತ್ತವೆ! ಅಂತರರಾಷ್ಟ್ರೀಯ ನಿಯಮದಂತೆ ತಂತಿಗೆ ತೂಗಿಸುವ ಕಿತ್ತಳೆ, ಬಿಳಿ ಗೋಲಗಳ ಅಡ್ಡಳತೆ ಕನಿಷ್ಠ 60 ಸೆಂ.ಮೀ. ಆದರೆ ಎಲ್ಲ ತಂತಿಗೂ ಗೋಲ ಹಾಕುವವರು ಯಾರು?

ಹಾಗಾಗಿ ತಗ್ಗಿನಲ್ಲಿ ಹಾರುವವರಿಗೆ ಕಲಿಸುವುದು ಕಂಬ ಹುಡುಕುವುದನ್ನು. ಒಂದು ಕಂಬ ಕಂಡರೆ ಇನ್ನೊಂದು ಎಲ್ಲೋ ಇದೆ, ನಡುವೆ ತಂತಿ ಇದೆ. ಕಾಡಿನ ನಡುವೆ ನೇರವಾಗಿ ಮರ ಕಡಿದ ಪಟ್ಟಿ ಕಂಡರೂ ಅದೇ ಅನುಮಾನ. ದಾಟಲೇಬೇಕಾದರೆ ನಡುವಿನಲ್ಲಿ ದಾಟಬಾರದು, ಗೋಪುರದ ಮೇಲೆಯೇ ದಾಟಬೇಕು. ಅದು ಕಣ್ಣಿಗೆ ಕಾಣುತ್ತದೆ, ಮತ್ತು ಅದಕ್ಕೆ ಕಟ್ಟಿದ ತಂತಿ ಅಲ್ಲಿ ಅದಕ್ಕಿಂತ ಎತ್ತರದಲ್ಲಿರಲು ಸಾಧ್ಯವಿಲ್ಲ.