ಮಟನ್ ಅಂದ್ರೆ ಕುರಿನಾ, ಮೇಕೆನಾ?

"ಸಾರ್, ಮಟನ್ ಅಂದ್ರೆ ಕುರಿ ಮಾಂಸ ಅಲ್ವಾ? ಅಂಗಡಿಯವನು ಮೇಕೆ ಕೊಟ್ಟುಬಿಟ್ಟ. ಇದು ಮೋಸ ತಾನೆ?"

ಹೊಸತೊಡಕು ಮುಗಿದ ಮೇಲೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ನಾನೂ ತಪ್ಪದೆ ಅದೇ ಉತ್ತರ ಹೇಳುತ್ತೇನೆ. ಮೋಸ ಅಲ್ಲ. ನಮ್ಮಲ್ಲಿ ಮಟನ್ ಅಂದರೆ ಎರಡೂ. ಬಲಿತ ಕುರಿಯದು ಮಟನ್, ಮರಿಯದು ಲ್ಯಾಂಬ್ ಅನ್ನುವ ಲೆಕ್ಕ ಇಂಗ್ಲೆಂಡಿನದು. ಕುರಿಯೇ ಬೇಕಿದ್ದರೆ "ಕುರಿ ಮಾಂಸ" ಅಂತ ಬಾಯಿಬಿಟ್ಟು ಕೇಳಿ. ಅನುಮಾನ ಇದ್ದರೆ ನೇತುಹಾಕಿದ ತೊಡೆ ನೋಡಿ. ಕುರಿಯದಾದರೆ ಮೇಲೆಯೇ ಬಿಳಿ ಕೊಬ್ಬಿನ ಪದರ ಕಾಣುತ್ತದೆ. ಮೇಕೆಗೆ ಮೈಮೇಲೆ ಕೊಬ್ಬು ಕಮ್ಮಿ, ಇರುವುದು ಜಾಸ್ತಿ ಹೊಟ್ಟೆಯೊಳಗೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಒಬ್ಬರು ಆ ಕಥೆ ತೆಗೆಯುತ್ತಾರೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದರಂತೆ. ಕುರಿ ಕಾಯುವ ಬಡವ ತನ್ನ ಭಾಷೆಯಲ್ಲಿ 'ಶೀಪ್' ಅಂದನಂತೆ. ಊಟಕ್ಕೆ ಕೂತ ದೊರೆ ಫ್ರೆಂಚಿನಲ್ಲಿ 'ಮಟನ್' ಅಂದನಂತೆ. ಅಂದಿನಿಂದ ಕೊಟ್ಟಿಗೆಗೊಂದು ಹೆಸರು, ತಟ್ಟೆಗೊಂದು ಹೆಸರು!

ಕಥೆ ಸೊಗಸಾಗಿದೆ, ಅದೇ ತೊಂದರೆ. ಪದ ಹಳೆಯ ಫ್ರೆಂಚಿನ 'ಮೊಟೊನ್'ನಿಂದ ಬಂದದ್ದು ನಿಜ. ಆದರೆ ಅಲ್ಲಿ ಅದು ಜೀವಂತ ಕುರಿಯ ಹೆಸರೂ ಹೌದು. ಇವತ್ತಿಗೂ ಫ್ರೆಂಚರಿಗೆ ಮೇಯುವುದೂ 'ಮೂತೋಂ', ಬೇಯುವುದೂ 'ಮೂತೋಂ'. ಇಂಗ್ಲಿಷ್ ಬರಹದಲ್ಲಿ ಮಟನ್ ಕಾಣಿಸಿಕೊಳ್ಳುವುದು ಸುಮಾರು 1300ಕ್ಕೆ, ಅಂದರೆ ಆ ಯುದ್ಧ ಮುಗಿದು 200 ವರ್ಷ ದಾಟಿದ ಮೇಲೆ. ಆಮೇಲೂ ಈ ಗಡಿ ಗಟ್ಟಿಯಾಗಲಿಲ್ಲ. 1590ರ ದಶಕದ ನಾಟಕದಲ್ಲಿ ಶೇಕ್ಸ್‌ಪಿಯರನ ಬಡ್ಡಿ ಸಾಹುಕಾರ ಶೈಲಾಕ್ ಏನನ್ನುತ್ತಾನೆ? ಮನುಷ್ಯನ ಒಂದು ಪೌಂಡ್ ಮಾಂಸಕ್ಕೆ ಮಟನ್‌ಗಳ, ಬೀಫ್‌ಗಳ, ಮೇಕೆಗಳ ಮಾಂಸದಷ್ಟೂ ಬೆಲೆಯಿಲ್ಲ ಅನ್ನುತ್ತಾನೆ. ಮಟನ್‌ಗಳ ಮಾಂಸ! ಅಲ್ಲಿ ಮಟನ್ ಇನ್ನೂ ನಾಲ್ಕು ಕಾಲಿನ ಮೇಲೆ ನಿಂತಿದೆ. ಇನ್ನು ಲ್ಯಾಂಬ್, ಚಿಕನ್, ಫಿಶ್ ಮೂರೂ ಅಪ್ಪಟ ಇಂಗ್ಲಿಷ್ ಪದಗಳು. ದೊರೆಗಳು ಇವನ್ನೆಲ್ಲ ಮುಟ್ಟಲೇ ಇಲ್ವಾ?

ಫ್ರೆಂಚಿಗೂ ಇದು ಸ್ವಂತ ಪದವಲ್ಲ. ಅದಕ್ಕೂ ಮುಂಚೆ ಅಲ್ಲಿದ್ದ ಗಾಲ್ ಜನರ ಕೆಲ್ಟಿಕ್ ಭಾಷೆಯದು. ಅದರ ನೆಂಟ ಹಳೆಯ ಐರಿಷಿನಲ್ಲಿದೆ: 'ಮೊಲ್ಟ್', ಅಂದರೆ ಬೀಜ ಒಡೆದ ಟಗರು. ಮೂಲ ಅರ್ಥವೇ ಸರಿ ಅಂತ ಹಟ ಹಿಡಿಯುವವರು ನಾಳೆಯಿಂದ ಅಂಗಡಿಯಲ್ಲಿ ಅದನ್ನೇ ಕೇಳಬೇಕಾಗುತ್ತದೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ 'ಬನ್ನೂರು ಕುರಿ' ಅಂತ ಬರೆದಿರುತ್ತಾರಲ್ಲ, ಅದರ ಊರು ಮಳವಳ್ಳಿ ತಾಲೂಕಿನ ಬಂಡೂರು. ಬನ್ನೂರು ಮೈಸೂರು ಜಿಲ್ಲೆಯ ಬೇರೆಯೇ ಪಟ್ಟಣ. ತಳಿಗಳ ಪಟ್ಟಿಯಲ್ಲಿ ಇದರ ಹೆಸರು ಇವೆರಡೂ ಅಲ್ಲ, ಮಂಡ್ಯ. ಹೆಸರು ಏನೇ ಇರಲಿ, ಕೊಳ್ಳುವ ಮುಂಚೆ ಹಿಂದೆ ಹೋಗಿ ನಿಂತು ನೋಡಿ. ಗಿಡ್ಡ ಕಾಲು, ತುಂಬಿದ ತೊಡೆ, ಒಟ್ಟು ಆಕಾರ ಬೋರಲು ಹಾಕಿದ 'ಯು' ಅಕ್ಷರದ ಹಾಗಿರಬೇಕು.